ಒಬ್ಬರೇ ಕೂರುವ ಗಾಡಿ

ನಾನು ಹುಟ್ಟಿದ್ದು ಗುಡ್ಡ ಹತ್ತುವುದಕ್ಕೆ. ಈಗ ನನ್ನ ಮೇಲೆ ಕೋಳಿ ಹತ್ತಿ ಕೂರುತ್ತದೆ. ಹೊಸಪೇಟೆಯ ಬೈಪಾಸ್ ಪಕ್ಕದಲ್ಲಿ ಮಸ್ತಾನನ ಗ್ಯಾರೇಜು ಇದೆ. ಅದರ ಹಿಂದೆ, ತಗಡಿನ ನೆರಳಿನಲ್ಲಿ, ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ನನ್ನನ್ನು ನಿಲ್ಲಿಸಿದ್ದಾರೆ. ಗಾಲಿಗಳು ಯಾವಾಗಲೋ ಯಾರ ಪಾಲಿಗೋ ಹೋದವು. ಕಂಪನಿಯವರು ನನ್ನನ್ನು ಎ.ಟಿ.ವಿ. ಎಂದು ಕರೆದರು. ಎಂಥ ನೆಲದ ಮೇಲೂ ಓಡುವ ಗಾಡಿ ಎಂದು ಅದರ ಅರ್ಥವಂತೆ. ಇಲ್ಲಿಯ ಜನ 'ನಾಕು ಗಾಲಿ ಬೈಕು' ಅಂದರು. ಈಗ ಅದೂ ಸುಳ್ಳಾಯಿತು.

ಹುಟ್ಟಿದ ಊರು ನನಗೆ ಸರಿಯಾಗಿ ನೆನಪಿಲ್ಲ. ಸಮುದ್ರದಾಚೆಯ ಒಂದು ಕಾರ್ಖಾನೆ. ಹ್ಯಾಂಡಲ್ ಒಂದು ಕಡೆ, ಗಾಲಿಗಳು ಒಂದು ಕಡೆ ಮಾಡಿ ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದು ಕಳಿಸಿದರು. ಹೊಸಪೇಟೆಯ ಅಂಗಡಿಯೊಂದರಲ್ಲಿ ನನ್ನ ಕಟ್ಟು ಬಿಚ್ಚಿದವನು, ಆಗ ಅಲ್ಲಿ ಕೆಲಸಕ್ಕಿದ್ದ ಇದೇ ಮಸ್ತಾನ. ಗಾಲಿ ಹಾಕಿದ, ಎಣ್ಣೆ ಕುಡಿಸಿದ, ಮೊದಲ ಸಲ ಉಸಿರಾಡಿಸಿದ. ಆಮೇಲೆ ನನ್ನ ಹಿಂಭಾಗದ ಮಡ್‌ಗಾರ್ಡನ್ನು ಬಟ್ಟೆಯಿಂದ ಒರೆಸಿದ. ಅಲ್ಲಿ ಕಾರ್ಖಾನೆಯವರು ಒಂದು ಸಣ್ಣ ಹಳದಿ ಚಿತ್ರ ಅಂಟಿಸಿದ್ದರು. ಗಾಡಿಯ ಮೇಲೆ ಇಬ್ಬರು ಕೂತಿದ್ದಾರೆ. ಹಿಂದಿನವನ ಮೇಲೆ ಕೆಂಪು ಗೀಟು. ಪಕ್ಕದಲ್ಲೇ ಏರಿನಲ್ಲಿ ಹಿಂದಕ್ಕೆ ಬೀಳುವ ಗಾಡಿಯ ಚಿತ್ರ. ಓದು ಬರಹ ಬಾರದವರಿಗೂ ಅರ್ಥವಾಗುವ ಹಾಗಿತ್ತು. ನನ್ನ ಮೈಮೇಲಿದ್ದ ಬುದ್ಧಿಮಾತು ಅದೊಂದೇ.

ಅಂಗಡಿಯಲ್ಲಿ ನನ್ನ ಪಕ್ಕ ಒಂದು ಸಣ್ಣ ನೀಲಿ ಗಾಡಿ ನಿಂತಿತ್ತು. ಶಕ್ತಿಯಲ್ಲಿ ನನ್ನ ಕಾಲು ಭಾಗವೂ ಇಲ್ಲ. ಅದರ ಹ್ಯಾಂಡಲ್ಲು ನನ್ನ ಸೀಟಿನ ಎತ್ತರಕ್ಕೆ ಬರುತ್ತಿತ್ತು. ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಂದವರೆಲ್ಲ ಮೊದಲು ನನ್ನನ್ನು ಮುಟ್ಟಿ, ಆಮೇಲೆ ಅದರ ಕಡೆ ನೋಡುತ್ತಿದ್ದರು. ಅಷ್ಟರಲ್ಲೇ ನಾನು ಬೀಗಿ ಹೋಗಿದ್ದೆ.

ಒಂದು ಭಾನುವಾರ ಸಂಡೂರಿನಿಂದ ಅಣ್ಣ ತಂಗಿ ಬಂದರು. ತಂಗಿ ನಾಗವೇಣಿ, ಹೈಸ್ಕೂಲಿನ ಪಿ.ಟಿ. ಟೀಚರು. ಮೂವತ್ನಾಲ್ಕರ ಹೆಂಗಸು, ತೆಳ್ಳಗೆ, ಗಟ್ಟಿ. ಭಾನುವಾರ ಬೆಳಿಗ್ಗೆ ಶಾಲೆಯ ಹುಡುಗಿಯರನ್ನು ಕಟ್ಟಿಕೊಂಡು ಸಂಡೂರಿನ ಗುಡ್ಡವನ್ನು ಓಡುತ್ತಾ ಹತ್ತುತ್ತಿದ್ದಳಂತೆ. ಖೋ ಖೋ ಆಡಿಸುವಾಗ ಬಲಮೊಣಕಾಲಿನ ನರ ಹರಿದು, ಆಪರೇಷನ್ ಆಗಿ, ಇನ್ನು ಗುಡ್ಡ ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಗುಡ್ಡ ಬೇಕಾಗಿತ್ತು. ಹಳೆಯ ಅದಿರಿನ ಲಾರಿಗಳು ಓಡಾಡಿ ಬಿಟ್ಟ ಕೆಂಪು ಹಾದಿಯಲ್ಲಿ, ಒಬ್ಬಳೇ ತುದಿಯವರೆಗೆ ಹೋಗಿ ಬರಬೇಕಾಗಿತ್ತು. ಅದಕ್ಕೇ ಜೀವನದಲ್ಲಿ ಮೊದಲ ಸಲ ಇಂಥ ಗಾಡಿ ನೋಡಲು ಬಂದಿದ್ದಳು.

ಅಣ್ಣ ಪಂಪಾಪತಿ ಲಾರಿ ಇಟ್ಟುಕೊಂಡಿದ್ದವನು. ಗಾಡಿ ಎಂದರೆ ತನಗಿಂತ ಬಲ್ಲವರಿಲ್ಲ ಎಂಬ ಗತ್ತು. ಗಾಲಿಗೆ ಒದ್ದು ನೋಡುವುದು, ಬಾನೆಟ್ಟಿಲ್ಲದ ಗಾಡಿಯಲ್ಲಿ ಬಾನೆಟ್ಟು ಹುಡುಕುವುದು, ಎಲ್ಲಾ ಆಯಿತು.

ನಾಗವೇಣಿ ನೇರ ನೀಲಿ ಗಾಡಿಯ ಹತ್ತಿರ ಹೋದಳು. ಹತ್ತಿ ಕೂತಳು. ಎರಡೂ ಪಾದ ಸರಿಯಾಗಿ ಕೂತವು. ಬ್ರೇಕು ಬೆರಳಿಗೆ ಸಿಕ್ಕಿತು. ನಮ್ಮ ಜಾತಿಯ ಗಾಡಿಗಳಲ್ಲಿ ವೇಗ ಕೊಡುವುದು ಬಲಗೈ ಹೆಬ್ಬೆರಳಿನಿಂದ, ಒಂದು ಸಣ್ಣ ಒತ್ತುಗುಂಡಿಯಂಥ ಸಲಾಕೆಯನ್ನು ಮುಂದಕ್ಕೆ ತಳ್ಳಿ. ಅದನ್ನು ತಳ್ಳಿ ನೋಡಿ ನಕ್ಕಳು.

"ಅಕ್ಕಾ, ಹೊಸದಾಗಿ ಕಲಿಯೋರಿಗೆ ಇದಾ ಸರಿ. ದೊಡ್ಡದು ನಿಮ್ಮ ಹಿಡಿತಕ್ಕ ಸಿಗಂಗಿಲ್ಲ" ಅಂದ ಮಸ್ತಾನ.

ಪಂಪಾಪತಿ ಮೂಗು ಮುರಿದ. "ಇದರಾಗ ಹಿಂದ ಯಾರು ಕುಂದ್ರಬೇಕು?"

"ಯಾರೂ ಕುಂದ್ರಂಗಿಲ್ಲಣ್ಣ. ಇವು ಒಬ್ಬರ ಗಾಡಿ. ದೊಡ್ಡದೂ ಒಬ್ಬರದಾ."

"ನಾಕು ಗಾಲಿ ಹಾಕಿ ಒಬ್ಬರು ಕುಂದ್ರೋದಾ? ಎರಡು ಗಾಲಿ ಮ್ಯಾಲೆ ನಮ್ಮೂರಾಗ ಮೂರು ಮಂದಿ ಹೋಗ್ತಾರ" ಎಂದು ನಕ್ಕ ಪಂಪಾಪತಿ. ಆಮೇಲೆ ತಂಗಿಯ ಕಡೆ ತಿರುಗಿ, ದನಿ ಇಳಿಸಿ ಹೇಳಿದ: "ನೋಡವ್ವ, ಹೆಣ್ಣುಮಗಳು ಒಬ್ಬಾಕಿನಾ ಗುಡ್ಡಕ್ಕ ಹೋದ್ರ ಅವ್ವ ನನ್ನ ಸುಮ್ನ ಬಿಡ್ತಾಳಾ? ನಾನು ಹಿಂದ ಕುಂತು ಬರ್ತೀನಿ. ದೊಡ್ಡದು ತಗಳಾಣ."

"ಅಣ್ಣಾ, ಒಬ್ಬಾಕಿನಾ ಹೋಗಾಕಂತಾನಾ ನಾನು..." ಎಂದು ಶುರು ಮಾಡಿದಳು ನಾಗವೇಣಿ. ಮಸ್ತಾನ ಏನೋ ಹೇಳಲು ಬಾಯಿ ತೆರೆದ. ಅಂಗಡಿ ಮಾಲೀಕ ಅವನನ್ನು ಚಹಾ ತರಲು ಕಳಿಸಿದ. ಚಹಾ ಬರುವಷ್ಟರಲ್ಲಿ ನನ್ನ ವ್ಯಾಪಾರದ ಮಾತು ಮುಗಿದಿತ್ತು. ನಾಗವೇಣಿ ನೀಲಿ ಗಾಡಿಯಿಂದ ಇಳಿದು, ಅದರ ಸೀಟನ್ನು ಒಮ್ಮೆ ಸವರಿ, ನನ್ನ ಹತ್ತಿರ ಬಂದಳು.

ಅವತ್ತು ನನಗಾದ ಖುಷಿ ನೆನೆದರೆ ಈಗ ನಾಚಿಕೆಯಾಗುತ್ತದೆ. ಅವಳ ಮುಖ ಸಪ್ಪಗಾಗಿದ್ದನ್ನು ನಾನು ಕಂಡೆ. ಕಂಡೂ ನೀಲಿ ಗಾಡಿಯ ಹೊಟ್ಟೆ ಉರಿಯಲಿ ಎಂದುಕೊಂಡೆ.

ಅಂಗಡಿಯ ಮುಂದೆಯೇ ಪೂಜೆಯಾಯಿತು. ಹ್ಯಾಂಡಲ್ಲಿಗೆ ಚೆಂಡು ಹೂವಿನ ಹಾರ, ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು, ಹಣೆಗೆ ವಿಭೂತಿ, ಕುಂಕುಮ. ಪಂಪಾಪತಿ ಬರುವಾಗಲೇ ಸ್ಟಿಕ್ಕರ್ ಅಂಗಡಿಯಲ್ಲಿ ಕೆಂಪು ಅಕ್ಷರದ ಒಂದು ಸ್ಟಿಕ್ಕರ್ ಬರೆಸಿ ತಂದಿದ್ದ: 'ಅಣ್ಣನ ಆಶೀರ್ವಾದ'. ತಂಗಿ ಮುಂದಿನ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದಾಗ, ಅವನು ಹಿಂದೆ ಬಂದು ಜಾಗ ಹುಡುಕಿದ. ನುಣ್ಣಗಿನ ಜಾಗ ಒಂದೇ ಇತ್ತು. ಹಳದಿ ಚಿತ್ರವನ್ನು ಅವನು ನೋಡಿದ. ಕೆಂಪು ಗೀಟನ್ನೂ ನೋಡಿದ. "ಇವೆಲ್ಲಾ ಫಾರಿನ್ನಿನವರಿಗೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಸ್ಟಿಕ್ಕರನ್ನು ಅದರ ಮೇಲೆಯೇ ಇಟ್ಟು ಅಂಗೈಯಿಂದ ಉಜ್ಜಿದ. ಚೆನ್ನಾಗಿ ಉಜ್ಜಿದ. ಮೂಲೆಗಳೂ ಏಳದಂತೆ.

ರಸ್ತೆಯ ಮೇಲೆ ಓಡಲು ನನಗೆ ಪರವಾನಗಿ ಇಲ್ಲ. ಭಾನುವಾರ ಟೆಂಪೊದಲ್ಲಿ ಹೇರಿಕೊಂಡು ಗುಡ್ಡದ ಬುಡಕ್ಕೆ ಇಳಿಸುತ್ತಿದ್ದರು. ಹಿಂದಿನ ಸಾಮಾನಿನ ಕಂಬಿಯ ಮೇಲೆ ಮನೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ, ಅದರ ಮೇಲೆ ಪಂಪಾಪತಿ ವಿರಾಜಮಾನನಾಗುತ್ತಿದ್ದ. ಅವನ ತೊಡೆ ಸ್ಟಿಕ್ಕರಿಗೆ ಒತ್ತಿಕೊಂಡಿರುತ್ತಿತ್ತು. ಎರಡು ಭಾನುವಾರ ಬಯಲಿನಲ್ಲೇ ಸುತ್ತಿದೆವು. ನನ್ನ ಹ್ಯಾಂಡಲ್ಲು ತಿರುಗಿಸಲು ನಾಗವೇಣಿ ಭುಜದ ಬಲವನ್ನೆಲ್ಲ ಹಾಕಬೇಕಾಗಿತ್ತು. ಆದರೂ ಕಲಿತಳು. ಬೀಳುವುದು ಏಳುವುದು ಅವಳಿಗೆ ಹೊಸದಲ್ಲ.

ಎರಡನೆಯ ಭಾನುವಾರ ಪಂಪಾಪತಿಗೆ ಫೋನು ಬಂತು. ಸಿಗ್ನಲ್ ಸಿಗಲಿಲ್ಲ ಎಂದು ಇಳಿದು ಆ ಕಡೆ ಹೋದ. ನಾಗವೇಣಿ ಒಂದು ಕ್ಷಣ ಅವನ ಬೆನ್ನು ನೋಡಿದಳು. ಹೆಬ್ಬೆರಳು ಒತ್ತಿದಳು. ಸಣ್ಣ ಏರೊಂದು ಎದುರಾಯಿತು. ಗಾಡಿ ಕೊಡುವಾಗ ಮಸ್ತಾನ ಹೇಳಿಕೊಟ್ಟಿದ್ದಂತೆ ಸೀಟಿನಿಂದ ಎದ್ದು, ಮೈಯನ್ನು ಮುಂದಕ್ಕೆ ಬಾಗಿಸಿದಳು. ನಾನು ಹತ್ತಿದೆ. ಎಷ್ಟು ಸಲೀಸಾಗಿ ಹತ್ತಿದೆ! ಮೇಲೆ ನಿಂತು ಅವಳು ಹೆಲ್ಮೆಟ್ ತೆಗೆದು ಗಾಳಿಗೆ ಮುಖ ಕೊಟ್ಟಳು. ಕೆಳಗಿನಿಂದ ಅಣ್ಣ ಕೂಗಿದ. ಇಳಿದು ಹೋದೆವು. ಆ ಅರ್ಧ ಫರ್ಲಾಂಗೇ ನನ್ನ ಇಡೀ ಆಯುಸ್ಸಿನ ಸುಖ.

ಮೂರನೆಯ ಭಾನುವಾರ ತುದಿಯ ಏರಿಗೆ ಹೋದೆವು. ಬುಡದಲ್ಲಿ ನಾಗವೇಣಿ ಗಾಡಿ ನಿಲ್ಲಿಸಿದಳು.

"ಅಣ್ಣಾ, ನೀನು ಇಲ್ಲೇ ಇಳಿ. ಇದೊಂದು ನಾನು ಒಬ್ಬಾಕಿನಾ ಹತ್ತಿಸ್ತೀನಿ."

"ನೀ ಬಿದ್ರ ಹಿಡಿಯೋರು ಯಾರು? ನಡಿ, ನಾನು ಅದೀನಿ."

ಅರ್ಧ ಏರಿನಲ್ಲಿ ಸಡಿಲು ಅದಿರಿನ ಕಲ್ಲು ಸಿಕ್ಕಿತು. ನಾಗವೇಣಿ ಮುಂದಕ್ಕೆ ಬಾಗಿದ್ದಳು. ಆದರೆ ಹಿಂದೆ ಎಂಬತ್ತೈದು ಕೆ.ಜಿ. ಭಾರ ಜೋತುಬಿದ್ದಿತ್ತು. ನನ್ನ ಮುಂದಿನ ಗಾಲಿಗಳು ನೆಲ ಬಿಟ್ಟವು. ಆ ಕ್ಷಣವೇ ಅವಳ ಹೆಬ್ಬೆರಳು ವೇಗದ ಸಲಾಕೆಯನ್ನು ಬಿಟ್ಟಿತು. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅವಳು ಮಾಡಬೇಕಾದ್ದನ್ನೆಲ್ಲ ಮಾಡಿದಳು. ಅಣ್ಣ ಗಾಬರಿಯಾಗಿ ಅವಳ ಎರಡೂ ಭುಜ ಹಿಡಿದು ಹಿಂದಕ್ಕೆ ಜಗ್ಗಿದ. ಆಮೇಲೆ ಕೈಬಿಟ್ಟು ಹಾರಿಕೊಂಡ. ನಾನು ಬೆನ್ನ ಮೇಲೆ ಮಗುಚಿದೆ. ಅವಳ ಬಲಗೈ ನನ್ನ ಹ್ಯಾಂಡಲ್ಲಿನ ಕೆಳಗಿತ್ತು. ನನ್ನ ಭಾರ ಮುನ್ನೂರ ಇಪ್ಪತ್ತು ಕೆ.ಜಿ. ಅದೇ ನೀಲಿ ಗಾಡಿಯಾಗಿದ್ದರೆ ಅವಳೇ ತಳ್ಳಿ ಎದ್ದುಬಿಡುತ್ತಿದ್ದಳು.

ನನ್ನನ್ನು ತಂದು ಮನೆಯ ಅಂಗಳದಲ್ಲಿ ನಿಲ್ಲಿಸಿದರು. ನೋಡಲು ಬಂದವರಿಗೆಲ್ಲ ಪಂಪಾಪತಿ ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: "ಏರಿನ್ಯಾಗ ಆಕಿ ಜೋರ್ ಕೊಟ್ಲು ನೋಡ್ರಿ. ನಾನು ಬ್ಯಾಡ ಬ್ಯಾಡ ಅಂದೆ." ಅವರವ್ವ ಹುಲಿಗೆಮ್ಮ ಕಣ್ಣೊರೆಸಿಕೊಂಡು, "ಆಕಿ ಅಣ್ಣನ ಮಾತು ಕೇಳಲಿಲ್ಲ. ಈ ಗಾಡಿ ನಮಗ ಆಗಿ ಬರಲಿಲ್ಲ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದಳು. ಬೂದುಗುಂಬಳ ಒಡೆದರು. ಬಂದವರು ತಲೆದೂಗಿದರು. ಹೆಣ್ಣುಮಕ್ಕಳಿಗೆ ಯಾಕೆ ಬೇಕಿತ್ತು ಎಂದೂ ಸೇರಿಸಿದರು. ನನಗೆ ಬಾಯಿ ಇದ್ದಿದ್ದರೆ!

ನಾಗವೇಣಿ ಆಸ್ಪತ್ರೆಯಿಂದ ಬಂದಾಗ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಮಗುಚಿದ್ದೊಂದು ಬಿಟ್ಟು ಅವಳಿಗೆ ಏನೂ ಸರಿಯಾಗಿ ನೆನಪಿರಲಿಲ್ಲ. ಕಟ್ಟೆಯ ಮೇಲೆ ಕೂತು ಅವಳೂ ಆ ಮಾತು ಕೇಳಿದಳು. ಮೊದಲ ಕೆಲವು ಸಲ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು. ಒಂದು ದಿನ ಶಾಲೆಯ ಹುಡುಗಿಯರು ನೋಡಲು ಬಂದಾಗ, ಅವರು ಕೇಳುವ ಮೊದಲೇ ತಾನೇ ಹೇಳಿದಳು: "ನನ್ನದೇ ತಪ್ಪು. ಜೋರ್ ಕೊಟ್ಬಿಟ್ಟೆ."

ಪಂಪಾಪತಿಯನ್ನು ಕೆಟ್ಟವನೆಂದು ಹೇಳಲಾರೆ. ತಂಗಿಗೆ ತುತ್ತು ಮಾಡಿ ತಿನ್ನಿಸಿದವನು ಅವನೇ. ತಿಂಗಳುಗಟ್ಟಲೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಕೈಯ ವ್ಯಾಯಾಮ ಮಾಡಿಸಿದವನೂ ಅವನೇ. ಭುಜ ಹಿಡಿದು ಜಗ್ಗಿದ ಒಂದು ಮಾತು ಮಾತ್ರ ಹೇಳಲಿಲ್ಲ. ಅವಳ ಹೆಬ್ಬೆರಳು ಮತ್ತೆ ಮಡಚಲಿಲ್ಲ. ಆಟದ ಮೈದಾನದಿಂದ ಅವಳನ್ನು ಲೈಬ್ರರಿಯ ಕೆಲಸಕ್ಕೆ ಹಾಕಿದರು ಎಂದು ಕೇಳಿದೆ. ಅಷ್ಟರಲ್ಲಿ ನನ್ನನ್ನು ಮಾರಿಯಾಗಿತ್ತು.

ಕೊಂಡವರು ಹಂಪಿ ದಾರಿಯ ಒಂದು ರಿಸಾರ್ಟಿನವರು. ಹಳೇ ಟೈರು ನೆಟ್ಟು ಒಂದು ಸುತ್ತುದಾರಿ ಮಾಡಿದ್ದರು. ಎಂಟು ವರ್ಷ ಅದೇ ಸುತ್ತಿನಲ್ಲಿ ಗಾಣದೆತ್ತಿನ ಹಾಗೆ ತಿರುಗಿದೆ. ಗಂಡ ಹೆಂಡತಿ, ಮುಂದೊಂದು ಮಗು, ಹಿಂದೊಬ್ಬ ಭಾವಮೈದುನ, ಎಲ್ಲರನ್ನೂ ಹೊತ್ತೆ. ಸ್ಟಿಕ್ಕರು ಓದಿ ನಕ್ಕು ಫೋಟೊ ತೆಗೆಸಿಕೊಂಡರು. ಮೂಲೆಯೊಂದು ಏಳತೊಡಗಿದಾಗ ರಿಸಾರ್ಟಿನವನು ಗೋಂದು ಹಚ್ಚಿ ಒತ್ತಿದ. ದಕ್ಷಿಣಕ್ಕೆ, ಸಂಜೆ ಹೊತ್ತು, ಸಂಡೂರಿನ ಗುಡ್ಡದ ಸಾಲು ಕಾಣುತ್ತಿತ್ತು. ನಾನು ಆ ಕಡೆ ಮುಖ ಮಾಡಿದ ಕೂಡಲೇ ದಾರಿ ತಿರುಗಿಬಿಡುತ್ತಿತ್ತು. ಕೊನೆಗೆ ಎಣ್ಣೆ ಹಾಕದೆ ಓಡಿಸಿದ್ದರಿಂದ ಇಂಜಿನ್ನು ಹಿಡಿದುಕೊಂಡು ನಿಂತೇಹೋಯಿತು. ಆ ಹೊತ್ತಿಗೆ ಸ್ವಂತ ಗ್ಯಾರೇಜು ಹಾಕಿದ್ದ ಮಸ್ತಾನ ಬಿಡಿಭಾಗಕ್ಕಾಗಿ ನನ್ನನ್ನು ತಂದ. ಹೀಗೆ ನನ್ನನ್ನು ಕಟ್ಟಿದವನೇ ಬಿಚ್ಚಿದ.

ಹೋದ ವಾರ ಒಬ್ಬ ಹೆಂಗಸು ಸ್ಕೂಟರಿನ ಬ್ರೇಕ್ ಸರಿ ಮಾಡಿಸಲು ಬಂದಳು. ತಲೆಯಲ್ಲಿ ನರೆ ಬಂದಿತ್ತು. ನಡಿಗೆಯಲ್ಲಿ ಸ್ವಲ್ಪ ಕುಂಟು. ಕುಡಿಯಲು ನೀರು ಹುಡುಕಿಕೊಂಡು ಹಿಂದಕ್ಕೆ ಬಂದವಳು ನನ್ನ ಮುಂದೆ ನಿಂತುಬಿಟ್ಟಳು. ಗುರುತು ಸಿಕ್ಕಿದ್ದು ನನ್ನಿಂದಲ್ಲ, ಸ್ಟಿಕ್ಕರಿನಿಂದ. ಬಿಸಿಲಿಗೆ ಕೆಂಪು ಅಕ್ಷರಗಳು ನಸುಗೆಂಪಾಗಿದ್ದವು. ಕಣ್ಣಲ್ಲಿ ನೀರು ತಂದುಕೊಂಡಳು.

"ಅಣ್ಣ ಹೋದ ಕಾರ್ತೀಕದಾಗ ತೀರಿಕೊಂಡ ಮಸ್ತಾನ. ಹಾರ್ಟು. ಇದನ್ನ ನಾನು ತಗಂಡು ಹೋಗ್ಲಾ? ಅವನ ನೆನಪಿಗೆ."

"ತಗಳ್ರಿ ಅಕ್ಕ" ಅಂದ ಮಸ್ತಾನ, ಮುಂದುಗಡೆಯಿಂದ.

ಎಡಗೈ ಉಗುರಿನಿಂದ ಮೂಲೆ ಎಬ್ಬಿಸಿದಳು. ಹರಿಯಬಾರದೆಂದು ನಿಧಾನವಾಗಿ ಎಳೆದಳು. ಅಕ್ಷರ ಅಕ್ಷರವಾಗಿ ಎದ್ದು ಬಂತು. ಕೆಳಗೆ ಹಳದಿ ಚಿತ್ರ ಹೊಚ್ಚ ಹೊಸದಾಗಿತ್ತು. ಹನ್ನೊಂದು ವರ್ಷ ಅದಕ್ಕೆ ಬಿಸಿಲೇ ತಾಗಿರಲಿಲ್ಲ. ಇಬ್ಬರು ಕೂತಿದ್ದಾರೆ, ಹಿಂದಿನವನ ಮೇಲೆ ಕೆಂಪು ಗೀಟು. ಪಕ್ಕದಲ್ಲೇ ಇನ್ನೊಂದು ಚಿತ್ರ: ಏರಿನಲ್ಲಿ ಹಿಂದಕ್ಕೆ ಮಗುಚುತ್ತಿರುವ ಗಾಡಿ.

ಅವಳು ಬಹಳ ಹೊತ್ತು ನೋಡಿದಳು. ಎಡಗೈಯಿಂದ ತನ್ನ ಬಲ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು.

"ಮಸ್ತಾನ, ಇದು ಮೊದಲಿಂದಾ ಇತ್ತಾ?"

ಅವನು ಸ್ಪ್ಯಾನರ್ ಹಿಡಿದುಕೊಂಡೇ ಬಂದು ನೋಡಿ, ತಲೆ ತಗ್ಗಿಸಿದ. "ಇತ್ತಕ್ಕ. ಒಬ್ಬರ ಗಾಡಿ ಅಂತ ಅವತ್ತು ಹೇಳಿದೆನಲ್ಲ. ಹಿಂದ ಭಾರ ಬಿದ್ರ ಎಂಥಾ ಡ್ರೈವರ್ ಇದ್ರೂ ಮುಂದಿನ ಗಾಲಿ ಏಳ್ತೈತಿ. ನೀವು ಜೋರ್ ಕೊಡಬೇಕಂತ ಏನಿಲ್ಲ."

"ಮತ್ತ ಆ ನೀಲಿದು?"

"ಅದು ಇನ್ನೂ ಓಡ್ತೈತಿ. ಗಂಗಾವತಿ ಡಾಕ್ಟರಮ್ಮ ಒಬ್ಬರು ತಗಂಡ್ರು. ವರ್ಷಕ್ಕೊಮ್ಮೆ ಸರ್ವಿಸಿಗೆ ಬರ್ತೈತಿ." ಸ್ಪ್ಯಾನರ್ ಕೆಳಗಿಟ್ಟು ಅವನೇ ಅಂದ: "ಅವ್ವಾರಿಗೆ ಹೇಳ್ರಿ ಅಕ್ಕ. ಇನ್ನೂ ತಪ್ಪು ನಿಮ್ಮ ಮ್ಯಾಲೆ ಹಾಕ್ತಿರಬೇಕಲ್ಲ?"

"ಹಾಕ್ತಾಳ. ಯಾರಾದ್ರೂ ನನ್ನ ಕೈ ನೋಡಿದ್ರ ಸಾಕು." ನಾಗವೇಣಿ ಸ್ಟಿಕ್ಕರನ್ನು ಮತ್ತೆ ಅದರ ಜಾಗಕ್ಕೆ ಇಟ್ಟು ಒತ್ತಿದಳು. ಮಡಚದ ಹೆಬ್ಬೆರಳಿನಿಂದಲೇ ಒತ್ತಿದಳು. ಅಂಟಲಿಲ್ಲ. ಇನ್ನೊಮ್ಮೆ ಒತ್ತಿದಳು. ಜಾರಿ ಮಣ್ಣಿಗೆ ಬಿತ್ತು. ಹೆಕ್ಕಿಕೊಂಡು ಸೆರಗಿನಲ್ಲಿ ಒರೆಸಿ ಪರ್ಸಿನೊಳಗೆ ಹಾಕಿಕೊಂಡಳು.

"ಎಂಬತ್ತು ವರ್ಷದಾಕಿ. ಮಗನ್ನ ಕಳಕೊಂಡಾಳ. ಈಗ ಹೋಗಿ ಇದನ್ನ ಆಕಿ ಮುಂದ ಇಡ್ಲಾ? ಜೋರ್ ಕೊಟ್ಟಾಕಿ ನಾನಾ ಅಂತ ಇರ್ಲಿ ಬಿಡು."

ಸ್ಕೂಟರ್ ಹತ್ತಿ ಹೋದಳು. ಸಂಡೂರಿನ ಕಡೆಗೇ. ಗುಡ್ಡದ ಬುಡದ ರಸ್ತೆಯಲ್ಲಿ ಮನೆಗೆ ಹೋಗುತ್ತಾಳೆ, ಗುಡ್ಡಕ್ಕಲ್ಲ.

ಈಗ ನನ್ನ ಮೈಮೇಲಿನ ಬುದ್ಧಿಮಾತು ಎಲ್ಲರಿಗೂ ಕಾಣುತ್ತದೆ. ಓದುವವರು ಯಾರೂ ಈ ಕಡೆ ಬರುವುದಿಲ್ಲ. ಕೋಳಿ ಮಾತ್ರ ಬರುತ್ತದೆ, ಒಂದೇ ಒಂದು. ನನ್ನ ಸೀಟಿನ ಮೇಲೆ ಒಂಟಿಯಾಗಿ ಕೂತು ನಿದ್ದೆ ಮಾಡುತ್ತದೆ. ಒಂದೇ ಜೀವದ ಭಾರ ಹೊರುವುದಕ್ಕೇ ನನ್ನನ್ನು ಮಾಡಿದ್ದು. ಅವತ್ತು ಅವಳು ನೀಲಿ ಗಾಡಿಯಿಂದ ಇಳಿದು ನನ್ನ ಹತ್ತಿರ ಬರುವಾಗ ನಾನು ಖುಷಿಪಟ್ಟೆನಲ್ಲ, ಅದನ್ನು ನಾನೂ ಇದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.