ತೇಗದ ಬೆನ್ನು

ಪಾಂಡವಪುರದ ಶಿವಣ್ಣನ ಮಾತೆಂದರೆ ಕಡ್ಡಿ ಮುರಿದ ಹಾಗೆ. ಅವನಿಗೆ ನಾಲ್ಕೆಕರೆ ಕಬ್ಬು, ಆರು ಸೀಮೆಹಸು, ಜೊತೆಗೊಂದು ಆರ್ಕೆಸ್ಟ್ರಾ. ಮದುವೆ, ನಾಮಕರಣ, ಬೀಗರೂಟ ಎಂದು ಯಾರು ಕರೆದರೂ ಹೋಗಿ ಹಳೆಯ ಸಿನಿಮಾ ಹಾಡು ಹಾಡಿ ಬರುವ ಏಳು ಜನರ ತಂಡ ಅದು. ಏಳರಲ್ಲಿ ಗಿಟಾರ್ ನುಡಿಸುವವಳು ನಾಗಮಂಗಲದ ಹರ್ಷಿತ. ಸೋಮವಾರ ಅವಳಿಗೆ ಶಿವಣ್ಣನ ಫೋನು ಬಂತು.

"ನೋಡವ್ವ, ನೀನು ಗಿಟಾರ್‌ನ ಸೀದಾ ಮಿಕ್ಸರಿಗೆ ಚುಚ್ಚುದ್ರೆ ತಗಡು ಬಡ್ದಂಗೆ ಕೇಳ್ತದೆ. ಭಾನುವಾರ ಕೆ.ಆರ್. ಪೇಟೇಲಿ ಬೀಗರೂಟ. ಅಷ್ಟೊತ್ಗೆ ಒಂದು ಸರಿಯಾದ ಆಂಪು ನೋಡ್ಕೊ. ಅವತ್ತೂ ಕೆಟ್ರೆ ಹಾಡಿನ ಮಧ್ಯ ಬರೋ ಗಿಟಾರ್ ಬಿಟ್‌ನ ಕುಮಾರನೇ ಕೀಬೋರ್ಡಲ್ಲಿ ಒತ್ಕತಾನೆ. ಆಮೇಲೆ ನನ್ನ ಬೈಕೋಬ್ಯಾಡ."

ಕುಮಾರನ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಗಿಟಾರು, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ಪಿಟೀಲು. ಆ ಗುಂಡಿಗಳ ದೆಸೆಯಿಂದ ಕೊಳಲಿನವನು ತಂಡ ಬಿಟ್ಟು ಎರಡು ವರ್ಷವಾಗಿತ್ತು, ಪಿಟೀಲು ಮೇಷ್ಟ್ರು ಬಿಟ್ಟು ಒಂದು ವರ್ಷ. ಇನ್ನು ಯಾರ ಸರದಿ ಎಂದು ಹರ್ಷಿತಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಗಲೆಲ್ಲ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ ಅವಳದು. ಅದನ್ನು ನಾಳೆ ಬೇರೆ ಯಾರಾದರೂ ಮಾಡಿಯಾರು. ವೇದಿಕೆಯ ಬಲಮೂಲೆಯ ಮೂರಡಿ ಜಾಗವನ್ನು ಮಾತ್ರ ಅವಳು ಎಂಟು ವರ್ಷ ಬೆರಳು ಸವೆಸಿ ಸಂಪಾದಿಸಿದ್ದಳು. ಅದು ಹೋದರೆ ತಾನು ಬರೀ ಫ್ಯಾಟ್ ನೋಡುವವಳಾಗಿ ಉಳಿಯುತ್ತೇನೆ ಎಂಬ ಹೆದರಿಕೆಗೆ ಅವಳು ಅವತ್ತೇ ಆಂಪು ಹುಡುಕಲು ಹೊರಟಳು.

ಬುಧವಾರದ ಹೊತ್ತಿಗೆ ಅವಳ ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ಎರಡು ಆಂಪುಗಳು, ಎಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಗಳು, ಎದುರುಬದುರು ಕೂತಿದ್ದವು. ಒಂದು ಶಿವಣ್ಣನೇ ನುಡಿಸಿ ನೋಡಲೆಂದು ಕಳಿಸಿದ ಹೊಚ್ಚ ಹೊಸದು. ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ, ಹೊಟ್ಟೆಯೊಳಗೆ ನೂರು ತರದ ಸದ್ದು, ನೆತ್ತಿಯ ಮೇಲೆ ನೀಲಿ ದೀಪ. ಇನ್ನೊಂದು ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಕರಿಯಯ್ಯನವರದು. ಒಂದು ಕಾಲಕ್ಕೆ ಮೈಸೂರಿನ ಹೋಟೆಲುಗಳಲ್ಲಿ ಗಿಟಾರ್ ನುಡಿಸಿ ಬದುಕಿದವರು ಅವರು. ಈಗ ಬೆರಳು ಮಡಚುವುದಿಲ್ಲ. ಅವರ ಆಂಪಿನೊಳಗೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು. ಎತ್ತಲು ಇಬ್ಬರು ಬೇಕು, ಹಿಡಿ ಕಿತ್ತುಹೋಗಿದೆ, ಹಿಂಬದಿಗೆ ಹಲಗೆಯೇ ಇಲ್ಲ. ಕೊಡುವಾಗ ಅವರು ಒಂದು ಮಾತು ಹೇಳಿದ್ದರು.

"ಇದ್ರ ಬೆನ್ಗೆ ಗಾಳಿ ಆಡ್ಬೇಕು ಕಣವ್ವ. ಗೋಡೆಗೆ ಒರಗಿಸ್ಬ್ಯಾಡ, ಬಟ್ಟೆ ಮುಚ್ಬ್ಯಾಡ. ವಾಲ್ವು ಕೆಂಡದಂಗೆ ಕಾಯ್ತದೆ."

ಹರ್ಷಿತ ಮೊದಲು ಹೊಸದಕ್ಕೆ ಗಿಟಾರ್ ಚುಚ್ಚಿ ನುಡಿಸಿದಳು. ಸದ್ದು ಚೊಕ್ಕವಾಗಿಯೇ ಇತ್ತು. ಆದರೆ ಮೆಲ್ಲಗೆ ಮೀಟಿದರೂ ಅದೇ ಸದ್ದು, ಜೋರಾಗಿ ಮೀಟಿದರೂ ಅದೇ ಸದ್ದು. ಕಣ್ಣು ಮುಚ್ಚಿ ಕೇಳಿದರೆ ಕುಮಾರನೇ ಪಕ್ಕದಲ್ಲಿ ನಿಂತು ಗುಂಡಿ ಒತ್ತುತ್ತಿರುವಂತಿತ್ತು. ಕೀಬೋರ್ಡಿನಂತೆಯೇ ಕೇಳುವ ಗಿಟಾರಿಗಾಗಿ ಶಿವಣ್ಣ ಒಂದು ಆಳನ್ನು ಯಾಕೆ ಸಾಕುತ್ತಾನೆ? ಆಮೇಲೆ ಹಳೆಯದಕ್ಕೆ ಚುಚ್ಚಿದಳು. ವಾಲ್ವು ಕಾಯಲು ಅರ್ಧ ನಿಮಿಷ ಹಿಡಿಯಿತು. ಮೆಲ್ಲಗೆ ಮೀಟಿದರೆ ಅದು ಪಿಸುಗುಟ್ಟಿತು, ಒತ್ತಿ ಮೀಟಿದರೆ ಗದರಿತು. ಬೆರಳು ನಡುಗಿದ್ದೂ ಅದರಲ್ಲಿ ಕೇಳುತ್ತಿತ್ತು. ಇದನ್ನು ಯಾವ ಗುಂಡಿಯೂ ಮಾಡಲಾರದು ಎಂದು ಅವಳಿಗೆ ಅಲ್ಲೇ ಖಾತ್ರಿಯಾಯಿತು.

ಅವಳ ಅಪ್ಪ ಮಂಜುನಾಥಾಚಾರಿಯೂ ಮರ ಹೆರೆಯುವ ತೋಪಡ ಕೆಳಗಿಟ್ಟು ಬಂದು ತನ್ನ ಪರೀಕ್ಷೆ ಮಾಡಿದ. ಸಂಗೀತ ಅವನಿಗೆ ದೂರ. ಎರಡೂ ಪೆಟ್ಟಿಗೆಗಳನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡಿದ, ಅಷ್ಟೆ.

"ಇದು ಹೊಟ್ಟು ಕಲಸಿ ಒತ್ತಿರೋ ಹಲಗೆ," ಎಂದು ಹೊಸದನ್ನು ಪಕ್ಕಕ್ಕೆ ತಳ್ಳಿದ. "ಅದು ಮರ ಕಣವ್ವ. ಅದ್ನೇ ಮಡಿಕೊ. ಆದ್ರೆ ಮಾಡ್ದೋನು ಯಾರೋ ಮೈಗಳ್ಳ, ಹಿಂದ್ಗಡೆ ಅಂಗೇ ಬುಟ್ಬುಟ್ಟವ್ನೆ."

ಹರ್ಷಿತ ನಕ್ಕಳು. ಬೆನ್ನಿಗೆ ಗಾಳಿ ಬೇಕೆಂದು ಆಗಲೇ ಹೇಳಿಬಿಟ್ಟಿದ್ದರೆ ಮುಗಿದಿತ್ತು. ಆದರೆ ಡೈರಿಗೆ ಹೊತ್ತಾಗಿತ್ತು. "ಅಪ್ಪ, ಒಂದು ಹಿಡಿ ಹಾಕ್ಕೊಡು, ಸಾಕು" ಎಂದಷ್ಟೇ ಹೇಳಿ ಓಡಿದಳು. ದಾರಿಯಲ್ಲೇ ಶಿವಣ್ಣನಿಗೆ ಫೋನು ಮಾಡಿ ಹಳೆಯದೇ ಇರಲಿ ಎಂದಳು.

"ನಿನ್ನಿಷ್ಟ. ಒಂದೇ ಒಂದು ಹಾಡು ಕೆಟ್ರೂ ನನ್ನ ಮಾತು ಮಾತೇ," ಎಂದ ಅವನು. ಮಾರನೆಯ ದಿನವೇ ಹೊಸ ಆಂಪನ್ನು ವಾಪಸು ತರಿಸಿಕೊಂಡು ಬೇರೆಯವರಿಗೆ ಕೊಟ್ಟೂಬಿಟ್ಟ.

ಗುರುವಾರದಿಂದ ಶನಿವಾರದವರೆಗೆ ಅಪ್ಪ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತ. "ಪಾಲಿಶ್ ಒಣಗ್ತಾ ಅದೆ, ಮುಟ್ಬ್ಯಾಡ" ಎನ್ನುವನು. ಹಿಡಿಗೆ ಇಷ್ಟೊಂದು ಪಾಲಿಶೇ ಎಂದು ಅವ್ವ ನಾಗಲಕ್ಷ್ಮಮ್ಮನನ್ನು ಕೇಳಿದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. ಹರ್ಷಿತ ಆಂಪಿಲ್ಲದ ಗಿಟಾರಿನಲ್ಲೇ ಬೆರಳು ಓಡಿಸಿ ತಾಲೀಮು ಮುಗಿಸಿದಳು.

ಭಾನುವಾರ ಬೆಳಗ್ಗೆ ವ್ಯಾನು ಬಂದು ನಿಂತಾಗ ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಕಾಯುತ್ತಿದ್ದ. ಎಂಟು ವರ್ಷದಲ್ಲಿ ಒಂದೇ ಒಂದು ಪ್ರೋಗ್ರಾಮಿಗೂ ಬಾರದವನು ಇವತ್ತು ತಾನೂ ಬರುತ್ತೇನೆಂದು ಹೊರಟಿದ್ದ. ಆಂಪಿನ ಮೇಲಿನ ಗೋಣಿತಾಟನ್ನು ಅವನು ಎಳೆದದ್ದೇ ತಡ, ಹರ್ಷಿತ ಬಗ್ಗಿ ಅದರ ಹಿಂಬದಿ ನೋಡಿದಳು.

ತೆರೆದಿದ್ದ ಹಿಂಬದಿ ಪೂರ್ತಿ ಮುಚ್ಚಿಹೋಗಿತ್ತು. ಮುಚ್ಚಿದ್ದದ್ದು ಹಳೇ ತೇಗದ ಒಂದೇ ಹಲಗೆ. ಎಳೆಗೆ ಎಳೆ ಕೂಡಿ, ಅಂಚಿಗೆ ಹಲ್ಲು ಕೂತು, ನಡುವೆ ಬಳ್ಳಿಯ ಕೆತ್ತನೆ, ವಯರು ಹೊರಬರಲು ಗುಂಡಗೆ ಕೊರೆದ ಒಂದು ತೂತು. ಗಾಳಿಯಿರಲಿ, ಸೊಳ್ಳೆಯೂ ನುಸುಳುವಂತಿರಲಿಲ್ಲ. ಇಷ್ಟು ಒಳ್ಳೆಯ ಕೆಲಸವನ್ನು ಅಪ್ಪ ಯಾರ ಮನೆಯ ದೇವರ ಬಾಗಿಲಿಗೂ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

"ಅಪ್ಪ, ಇದು ಬಿಚ್ಚೋಕಾಯ್ತದಾ?" ಎಂದಳು.

"ಬಿಚ್ಚೋದಾ!" ಆಚಾರಿಯ ಮುಖ ಅರಳಿತು. "ಒಂದು ಸ್ಕ್ರೂ ಇಲ್ಲ, ಒಂದು ಮೊಳೆ ಇಲ್ಲ. ಹಲ್ಲಿಗೆ ಹಲ್ಲು ಕೂರಿಸಿ ಗಮ್ಮು ಹಾಕಿವ್ನಿ. ನೂರು ವರ್ಷ ಅಲ್ಲಾಡಲ್ಲ. ಇನ್ಮೇಲೆ ನನ್ನ ಮಗಳ ಸಾಮಾನು ಅಂದ್ರೆ ನಾಕು ಜನ ತಿರುಗಿ ನೋಡ್ಬೇಕು."

ಗಿಟಾರಿನ ವಿಷಯದಲ್ಲಿ ಅಪ್ಪ ಆಡಿದ ಮೊದಲ ಪ್ರೀತಿಯ ಮಾತು ಅದು. ಅದಕ್ಕೆ ಹೇಗೆ ಕಲ್ಲು ಹಾಕುವುದು? ಗಿಟಾರಿಲ್ಲದ ಹಾಡು ಬಂದಾಗ ಆಂಪನ್ನು ಆರಿಸಿದರಾಯಿತು, ಎರಡು ಗಂಟೆ ಹೇಗೋ ತಳ್ಳಿದರಾಯಿತು ಎಂದು ಅವಳು ತನಗೆ ತಾನೇ ಸುಳ್ಳು ಹೇಳಿಕೊಂಡು ವ್ಯಾನು ಹತ್ತಿದಳು.

ಕೆ.ಆರ್. ಪೇಟೆಯ ಛತ್ರದ ಅಂಗಳದಲ್ಲಿ ತಗಡಿನ ಚಪ್ಪರ, ಅದರಡಿ ವೇದಿಕೆ. ಮಟಮಟ ಮಧ್ಯಾಹ್ನ. ಒಂದು ಕಡೆ ಪಂಕ್ತಿ ಪಂಕ್ತಿ ಮುದ್ದೆ, ಕುರಿ ಬಾಡಿನ ಸಾರು. ವೇದಿಕೆಯ ಹಿಂದೆಯೇ ಬಾಡು ಕಡಿಯುವವರ ಸಾಲು. ಆಚಾರಿಯ ಮನೆತನದಲ್ಲಿ ಬಾಡು ತಿನ್ನುವುದಿರಲಿ, ಬೇಯುವ ಕಡೆ ಸುಳಿಯುವವರೂ ಇಲ್ಲ. ಅವನು ಎರಡು ಬಾಳೆಹಣ್ಣು ತಿಂದು, ಮಜ್ಜಿಗೆ ಕುಡಿದು, ವೇದಿಕೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಮಗಳಿಗಿಂತ ಹೆಚ್ಚಾಗಿ ಆಂಪಿನ ಬೆನ್ನನ್ನೇ ನೋಡುತ್ತ ಕೂತ.

ಮೊದಲ ಮೂರು ಹಾಡು ಚೆನ್ನಾಗಿಯೇ ಹೋದವು. ಮೂರನೆಯದರಲ್ಲಿ ಗಿಟಾರಿನ ಬಿಟ್ ಬಂದಾಗ ಊಟದ ಪಂಕ್ತಿಯಲ್ಲಿ ಕೆಲವರು ತಲೆಯೆತ್ತಿದರು. ಶಿವಣ್ಣ ಅವಳತ್ತ ತಿರುಗಿ ತಲೆದೂಗಿದ. ಅವನಿಂದ ಅಷ್ಟು ಬಂದರೆ ಶಾಲು ಹೊದಿಸಿದ ಲೆಕ್ಕ. ಈಗ ಹಾಡಬೇಕಾದ್ದು ಗಿಟಾರಿಲ್ಲದ ಹಾಡು. ಹರ್ಷಿತ ಆಂಪಿನ ಸ್ವಿಚ್ಚಿಗೆ ಕೈ ಇಟ್ಟಳು. ಅಷ್ಟರಲ್ಲಿ ಗಂಡಿನ ಸೋದರಮಾವ ಕೆಂಪಣ್ಣ ವೇದಿಕೆಯ ಹತ್ತಿರ ಬಂದು ಕೂಗಿದ.

"ಲೇ ಶಿವಣ್ಣ, ಗಿಟಾರ್ ಇರೋವೇ ಹಾಕ್ಲಾ! ಒಂದಾದ್ಮೇಲೊಂದು ಬರ್ಲಿ, ನಿಲ್ಲಿಸ್ಬ್ಯಾಡ!"

ಬಯಸಿದ ಮಾತೇ ಶೂಲವಾಯಿತು. ನಾಲ್ಕನೆಯದು, ಐದನೆಯದು ಬಿಡುವಿಲ್ಲದೆ ಹೋದವು. ಆರನೆಯದರ ಪಲ್ಲವಿಯಲ್ಲಿ ಅವಳ ಮೂಗಿಗೆ ಬೆಚ್ಚನೆಯ ಪಾಲಿಶಿನ ವಾಸನೆ ಬಡಿಯಿತು. ಮಂಡಿಯಿಂದ ಹಲಗೆ ಮುಟ್ಟಿ ನೋಡಿದಳು. ಒಲೆಯ ಮೇಲಿನ ಹೆಂಚಿನಂತೆ ಸುಡುತ್ತಿತ್ತು. ಸದ್ದು ಮೊದಲು ಮಂಕಾಯಿತು, ಆಮೇಲೆ ಗೊರಗೊರ ಎಂದಿತು, ಮೊದಲ ಬಿಟ್ಟಿನ ನಡುವೆ ಪೂರಾ ಕುಸಿಯಿತು. ಅವಳ ಬೆರಳು ತಂತಿಯ ಮೇಲೆ ಓಡುತ್ತಲೇ ಇತ್ತು. ಕೇಳುವವರಿಗೆ ಏನೂ ಇರಲಿಲ್ಲ.

"ಕುಮಾರ, ನೀನೇ ಒತ್ತು!" ಎಂದ ಶಿವಣ್ಣ.

ಕುಮಾರ ಒತ್ತಿದ. ಕೀಬೋರ್ಡಿನಿಂದ ಗಿಟಾರ್ ಬಂತು, ನುಣ್ಣಗೆ, ಒಂದೂ ತಪ್ಪಿಲ್ಲದೆ. ಬಿಟ್ ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಅವರಿಗೆ ಯಾರು ನುಡಿಸಿದರೇನು, ಎಲೆಯ ಮೇಲೆ ಬಾಡಿದೆ, ಕಿವಿಗೆ ಹಾಡಿದೆ. ಹರ್ಷಿತಳಿಗೆ ಮಾತ್ರ ಆ ಚಪ್ಪಾಳೆ ಒಂದೊಂದೂ ಕೆನ್ನೆಗೆ ಬಿದ್ದ ಹಾಗಾಯಿತು. ಗಿಟಾರ್ ಕೆಳಗಿಟ್ಟು ಇಳಿದು ಹೋಗಿಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಆಚಾರಿ ಎದ್ದು ನಿಂತಿದ್ದ. ಸದ್ದು ಕೆಟ್ಟದ್ದು ಅವನಿಗೆ ತಿಳಿಯಿತೋ ಇಲ್ಲವೋ, ಮರ ಕಾದ ವಾಸನೆ ಬಡಗಿಗೆ ಬೇರೆಯವರು ಹೇಳಬೇಕಿಲ್ಲ. ನಾಲ್ಕು ಹೆಜ್ಜೆಗೆ ಬಂದು ಹಲಗೆಯ ಮೇಲೆ ಅಂಗೈ ಇಟ್ಟ, ಚುರುಕ್ಕೆಂದು ತೆಗೆದ. ಮಗಳ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ವೇದಿಕೆಯ ಹಿಂದಕ್ಕೆ ನಡೆದು, ಬಾಡು ಕಡಿಯುತ್ತಿದ್ದವನ ಕೈಯಿಂದ ಮಚ್ಚು ಕಿತ್ತುಕೊಂಡು ಬಂದ.

ಬೀಗರೂಟದಲ್ಲಿ ಮಚ್ಚು ಹಿಡಿದವನೊಬ್ಬ ವೇದಿಕೆ ಹತ್ತಿದರೆ ಮಂಡ್ಯದ ಕಡೆ ಜನ ಸುಮ್ಮನೆ ಕೂತು ನೋಡುವವರಲ್ಲ. ಪಂಕ್ತಿಗೆ ಪಂಕ್ತಿಯೇ ಎಂಜಲು ಕೈಯಲ್ಲಿ ಎದ್ದಿತು. "ಲೇ ಇಡ್ಕಳ್ರಲಾ ಅವ್ನ!" ಎಂದು ಯಾರೋ ಕೂಗಿದರು. ಕೆಂಪಣ್ಣ ಎರಡು ಕುರ್ಚಿ ಹಾರಿ ಬಂದ. ತಂಡದ ಗಾಯಕಿ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಹಾಡು ಬಿಡಲಿಲ್ಲ.

"ವಯರ್ ಕೀಳು," ಎಂದ ಅಪ್ಪ.

ಹರ್ಷಿತ ಪ್ಲಗ್ ಕಿತ್ತಳು. ನೆತ್ತರು ಮೆತ್ತಿದ ಮಚ್ಚನ್ನು ಅವನು ಹಲಗೆಯ ಅಂಚಿಗೆ ಇಟ್ಟು ಮೀಟಿದ. ಅವನ ಗುರಿ ಪೆಟ್ಟಿಗೆಯೆಂದು ಕಂಡು ಓಡಿಬಂದವರು ನಿಂತಲ್ಲೇ ನಿಂತರು. ಹಲ್ಲು ಕಚ್ಚಿದ ತೇಗ ಜಗ್ಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದವನು ಅವನೇ ತಾನೆ. ಆಗ ಒಂದು ಕಾಲು ಪೆಟ್ಟಿಗೆಗೆ ಒದ್ದು ಹಿಡಿದು, ಬಳ್ಳಿಯ ಕೆತ್ತನೆಯ ನಟ್ಟನಡುವೆ ಮಚ್ಚು ಕಚ್ಚಿಸಿ ತಿರುವಿದ. ಹಲಗೆ ಲಟಾರನೆ ಸೀಳಿತು. ಎರಡು ಹೋಳನ್ನೂ ಬರಿಗೈಯಲ್ಲಿ ಕಿತ್ತು ಬಿಸಾಡಿದ. ಒಳಗಿನಿಂದ ಬಿಸಿಗಾಳಿ ಭುಸ್ಸೆಂದು ಹೊರಬಂತು. ತಬಲದವನು ತನ್ನ ಟೇಬಲ್ ಫ್ಯಾನನ್ನು ಅತ್ತ ತಿರುಗಿಸಿದ.

"ಏನಾಚಾರ್ರೆ ಇದು?" ಎಂದು ಶಿವಣ್ಣ ಹಲ್ಲು ಕಡಿದ.

"ತಪ್ಪು ನಂದು ಶಿವಣ್ಣ. ಮಗಳ್ದಲ್ಲ. ಒಂದೇ ಒಂದು ಸಲ ಬುಟ್ಟು ನೋಡು."

ಎರಡನೇ ಬಿಟ್ಟಿಗೆ ಇನ್ನು ಒಂದು ಚರಣ ಮಾತ್ರ ಬಾಕಿ ಇತ್ತು. ಹರ್ಷಿತ ಪ್ಲಗ್ ಚುಚ್ಚಿದಳು. ಫ್ಯಾನಿನ ಗಾಳಿಗೆ ಆರಿದ ವಾಲ್ವು ಮತ್ತೆ ಹೊತ್ತಿಕೊಳ್ಳಲು ಅರ್ಧ ನಿಮಿಷ ಬೇಕಿತ್ತು. ಚರಣದ ಎರಡು ಸಾಲು ಮುಗಿದವು, ಆಂಪು ಮೂಕ. ಮೂರನೆಯ ಸಾಲು ಮುಗಿಯಿತು. ಶಿವಣ್ಣ ಕುಮಾರನಿಗೆ ಕಣ್ಣು ಮಾಡಿದ. ಕುಮಾರ ಗುಂಡಿಯ ಮೇಲೆ ಬೆರಳಿಟ್ಟವನು ಬೆವರಿಳಿಯುತ್ತಿದ್ದ ಆಚಾರಿಯನ್ನೊಮ್ಮೆ, ಕೆಳಗೆ ಬಿದ್ದ ಹೋಳುಗಳನ್ನೊಮ್ಮೆ ನೋಡಿ, ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಕೊನೆಯ ಸಾಲು ಮುಗಿಯಿತು. ಚಪ್ಪರದಡಿ ಬರೀ ತಾಳ.

ಅವಳು ದೇವರ ಮೇಲೆ ಭಾರ ಹಾಕಿ ಮೀಟಿದಳು.

ಸದ್ದು ಬಂತು. ಅದರಲ್ಲಿ ಅವಳ ಹೆದರಿಕೆ ಇತ್ತು, ಸಿಟ್ಟಿತ್ತು, ಬೆರಳಿನ ನಡುಕವೂ ಇತ್ತು. ನುಣುಪಿರಲಿಲ್ಲ, ಎರಡು ಕಡೆ ತಪ್ಪಿತು ಕೂಡ. ಆದರೆ ಜಗಳ ಬಿಡಿಸಲು ಎದ್ದುಬಂದ ಜನ ಎಂಜಲು ಕೈ ಒಣಗಿಸಿಕೊಂಡು ಅಲ್ಲೇ ನಿಂತು ಕೇಳಿದರು. ಮುಗಿದಾಗ ಕೆಂಪಣ್ಣ "ಒನ್ಸ್ ಮೋರ್" ಎಂದು ಕಿರುಚಿದ. ಶಿವಣ್ಣ ಅವಳನ್ನು ದಿಟ್ಟಿಸಿ, "ಮೊದ್ಲಿಂದ ಎತ್ಕೊ" ಎಂದ.

ಸಾಮಾನು ಕಟ್ಟುವಾಗ ಅವನು ಹತ್ತಿರ ಬಂದು ಎಂದಿನ ಗಂಟುಮುಖದಲ್ಲೇ ಹೇಳಿದ, "ಬುಧವಾರ ಶ್ರೀರಂಗಪಟ್ಟಣದಲ್ಲಿ ನಾಮಕರಣ. ಹತ್ತು ಗಂಟೆಗೆಲ್ಲ ಬಂದ್ಬುಡು."

ಆಚಾರಿ ನಲ್ಲಿಯ ಕೆಳಗೆ ಕೂತು ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದ. ಹರ್ಷಿತ ಹೋಗಿ ಪಕ್ಕದಲ್ಲಿ ನಿಂತಳು.

"ಮುಚ್ಬಾರ್ದು ಅಂತ ಬೆಳಗ್ಗೇನೇ ಗೊತ್ತಿತ್ತಾ ನಿಂಗೆ?" ಎಂದ, ತಲೆಯೆತ್ತದೆ.

"ಊಂ."

"ಯೋಳ್ಬಾರ್ದಾಗಿತ್ತಾ?"

"ಮೂರು ದಿನ ಕೂತು ಮಾಡಿದ್ಯಲ್ಲ. ನಿನ್ನ ಮನ್ಸು ನೋಯ್ತದೆ ಅಂತ ಸುಮ್ಕಾದೆ ಅಪ್ಪ."

ಅವನು ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಹಲಗೆ ಇನ್ನೊಂದು ಕುಯ್ಕೋಬೋದು ಕಣವ್ವ. ನೀನು ಅಲ್ಲಿ ನಿಂತ್ಕತೀಯಲ್ಲ, ಆ ಜಾಗ ಹೋಗಿದ್ರೆ ಅದ್ನ ನಾನು ಯಾವ ಮರದಲ್ಲಿ ಕುಯ್ದು ಕೊಡ್ಲಿ?"