ನಾನು ಐದಂಗುಲ ಬೆಳೆದ ಕಥೆ

ನಾನು ಭೂಮಿ ಅಳೆಯುವ ಕಬ್ಬಿಣದ ಸರಪಳಿ. ಕುಲುಮೆಯಲ್ಲಿ ಹುಟ್ಟಿದಾಗ ನನ್ನ ಉದ್ದ ಸರಿಯಾಗಿ ಮೂವತ್ತಮೂರು ಅಡಿ. ನನ್ನಷ್ಟು ಉದ್ದ, ನನ್ನಷ್ಟು ಅಗಲದ ನೆಲವೇ ಒಂದು ಗುಂಟೆ. ತಾಲ್ಲೂಕು ಕಚೇರಿಯ ಸರ್ವೆಯರ್ ಅಶ್ವತ್ಥರಾಯರ ಕೈ ಸೇರಿದ ಮೇಲೆ ನಾನು ಹೇಳಿದ್ದೇ ಗಡಿ. ಎಂತೆಂಥ ಗೌಡರೂ ನನ್ನ ಹಿಂದೆ ಬಗ್ಗಿ ನಡೆಯುತ್ತಿದ್ದರು. ಜಂಬ ಬಾರದೆ ಇರುತ್ತದೆಯೇ?

ರಾಯರು ಒಳ್ಳೆಯವರು, ಆದರೆ ಸೋಮಾರಿ. ಕಚೇರಿಯ ಅಂಗಳದಲ್ಲಿ ಮೂವತ್ತಮೂರು ಅಡಿ ದೂರಕ್ಕೆ ಎರಡು ಕಲ್ಲು ನೆಟ್ಟಿದ್ದರು. ತಿಂಗಳಿಗೊಮ್ಮೆ ನನ್ನನ್ನು ಅವುಗಳ ನಡುವೆ ಹಿಡಿದು ನೋಡಬೇಕೆಂಬುದು ನಿಯಮ. "ಕಬ್ಬಿಣ ಎಲ್ಲಾದ್ರೂ ಬೆಳೆಯುತ್ತೇನ್ರೀ?" ಎಂದು ರಾಯರು ನೋಡದೆಯೇ ಸಹಿ ಹಾಕುತ್ತಿದ್ದರು. ಒಮ್ಮೆ ಕಚೇರಿಯ ಜೀಪು ಕೆಸರಲ್ಲಿ ಹೂತಾಗ ನನ್ನನ್ನೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರು. ಜೀಪೇನೋ ಮೇಲೆ ಬಂತು. ನನ್ನ ಕೊಂಡಿಗಳೆಲ್ಲ ಸಡಿಲವಾದವು.

ಮುಂದಿನ ತಿಂಗಳು ಸರ್ಕಾರ ಕಾಲುವೆಗೆಂದು ಸಿದ್ದಗಂಗಮ್ಮನವರ ಹೊಲವನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ನಾನು ಅಳೆದಾಗ ಬಂದದ್ದು ಮೂವತ್ತೊಂಬತ್ತು ಗುಂಟೆ.

"ನಲವತ್ತೈತೆ ಸ್ವಾಮಿ. ಪಹಣಿಲೂ ಹಂಗೇ ಐತೆ," ಎಂದರು ಸಿದ್ದಗಂಗಮ್ಮ.

"ಒಂದು ಗುಂಟೆ ಯಾರಿಗೋ ಮಾರ್ಕೊಂಡು ಈಗ ಸುಳ್ಳು ಹೇಳ್ತೀಯಾ?" ಎಂದು ರಾಯರು ರೇಗಿದರು.

"ಹೊಲ ಹೋಗ್ಲಿ, ಕಾಲ್ವೆ ಬರ್ಲಿ. ನಾನು ಸುಳ್ಳಿ ಅನ್ನಿಸ್ಕೊಂಡು ಬಾಳಾಕಿಲ್ಲ!"

ಆಕೆ ಅರ್ಜಿ ಕೊಟ್ಟರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ರಾಯರು ಪ್ರಮಾಣ ಮಾಡಿ ಅಳತೆಯ ವಿವರ ಹೇಳಿದರು. ಆಕೆಯ ವಕೀಲರು ಪಾಟೀಸವಾಲಿಗೆ ಎದ್ದು, "ಎಲ್ಲಿ, ಆ ಸರಪಳಿ ಹಾಜರುಪಡಿಸಿ," ಎಂದರು. ಸಾಕ್ಷ್ಯದ ವಸ್ತುವೆಂದು ನನ್ನ ಕೊರಳಿಗೆ ನಿಶಾನೆಯ ಚೀಟಿ ಬಿತ್ತು. ನ್ಯಾಯಾಧೀಶರೇ ಪೀಠದಿಂದಿಳಿದು ಜಗಲಿಗೆ ಬಂದರು. ಒಂದು ತುದಿ ದಫೇದಾರನ ಕೈಯಲ್ಲಿ, ಇನ್ನೊಂದು ರಾಯರ ಕೈಯಲ್ಲಿ, ಪಕ್ಕದಲ್ಲಿ ಉಕ್ಕಿನ ಟೇಪು. ಉಸಿರು ಬಿಗಿಹಿಡಿದು ಕುಗ್ಗಲು ನೋಡಿದೆ, ಆಗಲಿಲ್ಲ. ಐದಂಗುಲ ಹೆಚ್ಚು! ನಾನು ಉದ್ದವಾಗಿದ್ದರಿಂದ ಹೊಲ ಚಿಕ್ಕದೆನಿಸಿತ್ತು. ಜೀಪಿನ ಕಥೆ ರಾಯರ ಬಾಯಿಂದಲೇ ಹೊರಬಿತ್ತು. ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಲಯದ ಆಜ್ಞೆಯಂತೆ ಹೊಸ ಸರಪಳಿ ಹಿಡಿದು ಅಳೆದಾಗ ನಲವತ್ತು ಗುಂಟೆ ಬಂತು.

ಈಗ ನಾನು ಕೋರ್ಟಿನ ದಾಖಲೆ ಕೋಣೆಯ ಮೂಲೆಯಲ್ಲಿ ತುಕ್ಕು ಹಿಡಿದು ಮಲಗಿದ್ದೇನೆ. ಹತ್ತು ಜನರೆದುರು ಮಾನ ಹೋದದ್ದು ನಿಜ. ಆದರೂ ತೀರ್ಪಿನ ದಿನ ನೆನೆದರೆ ನನಗೆ ಖುಷಿಯೋ ಖುಷಿ. ನ್ಯಾಯಾಧೀಶರು ಓದಿ ಮುಗಿಸಿದಾಗ ಸಿದ್ದಗಂಗಮ್ಮ ಕೈಮುಗಿದು, "ಎಷ್ಟು ಗುಂಟೆ ಅಂತ ಇನ್ನೊಂದ್ಸಲ ಜೋರಾಗಿ ಓದಿ ಬುದ್ಧಿ, ಹಿಂದ್ಗಡೆ ಕುಂತೋರ್ಗೂ ಕೇಳ್ಲಿ," ಎಂದರು.

ನ್ಯಾಯಾಧೀಶರು ನಗುತ್ತಾ ಕನ್ನಡಕ ಏರಿಸಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ರಾಯರು ಎದ್ದು ನಿಂತರು.

"ನಲವತ್ತೇ ಕಣಮ್ಮ," ಎಂದರು. "ಸುಳ್ಳು ಹೇಳಿದ್ದು ನಾನು."