ಹೇಳದಿದ್ದರೆ ಉಣ್ಣಬಹುದು

ಮುಚ್ಚಿದ ಬಾಗಿಲಿನ ಕೆಳಸಂದಿಯಿಂದ ಮೊದಲು ಸಾಂಬ್ರಾಣಿಯ ಹೊಗೆ ಬಂತು, ಅದರ ಹಿಂದೆಯೇ ಕೋಳಿಸಾರಿನ ವಾಸನೆ, ಹುರಿದ ಕೊಬ್ಬರಿ, ಗಸಗಸೆ, ಚಕ್ಕೆ, ಅಪ್ಪನಿಗೆ ಹಿಡಿಸುತ್ತಿದ್ದಷ್ಟೇ ಖಾರ — ಸುಕನ್ಯ ಈಗ ಮೂಗಿಗೆ ಸೆರಗು ಹಿಡಿಯಬಾರದು, ಹಿಡಿದರೆ ಸುರೇಶಣ್ಣ ನೋಡುತ್ತಾನೆ, ಹೊಗೆಗೆ ಹಿಡಿದಳೋ ಎಡೆಗೆ ಹಿಡಿದಳೋ ಎಂದು ಅವನು ಕೇಳುವುದಿಲ್ಲ, ಕೇಳದೆಯೇ ತೀರ್ಮಾನ ಮಾಡಿಕೊಳ್ಳುತ್ತಾನೆ. ಒಳಗೆ ಅಪ್ಪ ಉಣ್ಣುತ್ತಿದ್ದಾನೆ. ಇವರ ಪ್ರಕಾರ ಉಣ್ಣುತ್ತಿದ್ದಾನೆ, ಗೋಡೆಗೆ ಒರಗಿಸಿದ ಫೋಟೋದ ಮುಂದೆ ಬಾಳೆಲೆ, ಎಲೆಯ ತುಂಬ ಅನ್ನ, ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಪಿತೃಪಕ್ಷದ ಎಡೆ ಇಟ್ಟು ಬಾಗಿಲೆಳೆದುಕೊಂಡು ಮನೆಮಂದಿಯೆಲ್ಲ ಜಗುಲಿಯ ಮೇಲೆ ಕಾಯಬೇಕು, ಸತ್ತವರು ನಾಚಿಕೊಳ್ಳದೆ ಉಣ್ಣಲಿ ಎಂದು. ಕಾಯುತ್ತಿದ್ದಾರೆ, ಅವ್ವ ಕಂಬಕ್ಕೊರಗಿ, ಸವಿತಾ ಅತ್ತಿಗೆ ಮೆಟ್ಟಿಲ ಮೇಲೆ, ಅಣ್ಣ ಅಂಗಳದಲ್ಲಿ ಬೆನ್ನು ಮಾಡಿ ನಿಂತು ಫೋನು ನೋಡುತ್ತ, ಅವನ ಮಗಳು ರಮ್ಯಶ್ರೀ ಇವಳ ತೊಡೆಗೆ ಅಂಟಿಕೊಂಡು. ಪಕ್ಕದವರ ಬ್ಯಾರನ್ನಿನಲ್ಲಿ, ಸೊಪ್ಪು ಒಣಗಿಸುವ ಎತ್ತರದ ಗೂಡಿನಲ್ಲಿ, ಹೊಗೆಸೊಪ್ಪು ಬೇಯುತ್ತಿದೆ, ಆ ಸಿಹಿಗಾಟು ವಾಸನೆಯೂ ಇದರೊಳಗೆ ಸೇರುತ್ತಿದೆ. ಅತ್ತೆ, ತಾತಂಗೆ ಹಲ್ಲಿರಲಿಲ್ಲವಂತೆ, ಕಾಲ್ ಪೀಸ್ ಎಂಗ್ ಕಡೀತಾನೆ? ಎಂದಳು ಮಗು, ಅತ್ತಿಗೆ ಫಕ್ಕನೆ ನಕ್ಕು, ಸುಮ್ಕಿರೇ, ನಿಂಗೆ ಉಳಿಸ್ತಾನೆ ಬುಡು ಎಂದರು, ಸುಕನ್ಯ ನಗಬೇಕೆಂದುಕೊಂಡಳು, ತುಟಿ ಏಳಲಿಲ್ಲ — ಈ ಮಗುವೇ ಹೇಳಿಬಿಡುತ್ತದೆ, ಊಟಕ್ಕೆ ಕೂತಾಗ ಇದೇ ಬಾಯಿ ಆ ಮಾತನ್ನು ಹೇಳಿಬಿಡುತ್ತದೆ, ಅತ್ತೆ, ಇದು ತಾತನ ಎಡೇದು ಕಣತ್ತೆ ಎಂದು. ಆಗ ಮುಗಿಯಿತು. ಹೇಳಿದರೆ ಉಣ್ಣುವ ಹಾಗಿಲ್ಲ. ಹೇಳದಿದ್ದರೆ ಉಣ್ಣಬಹುದು. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅಷ್ಟು ಸ್ಪಷ್ಟವಾಗಿದೆ: ನಂಬದವರು ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ಕೆದಕಿ ಕೇಳದೆ ಉಣ್ಣು, ಆದರೆ ಯಾರಾದರೂ ಇದು ನೈವೇದ್ಯದ್ದು ಎಂದರೆ ಕೈ ಎತ್ತಿಬಿಡು, ನಿನ್ನ ಮನಸ್ಸಾಕ್ಷಿಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ. ಹೇಳಿದವನದು. ಆದರೆ ಮುಚ್ಚಿದ ಈ ಬಾಗಿಲೇ ಹೇಳುತ್ತಿದೆಯಲ್ಲ, ಹೊಗೆ ಹೇಳುತ್ತಿದೆಯಲ್ಲ, ಬಾಯಿಂದ ಹೇಳಿದರೆ ಮಾತ್ರವೇ ಹೇಳಿದಂತೆಯೇ?

ಹುಣಸೂರಿನ ಚರ್ಚ್ ಸಭೆಯ ಹೆಂಗಸರ ಗುಂಪಿಗೆ ದಿನಾ ಬೆಳಿಗ್ಗೆ ಆರಕ್ಕೆ ಅವಳು ಫೋನಿನಲ್ಲಿ ಬೈಬಲಿನ ಒಂದು ಭಾಗ ಕಳಿಸುತ್ತಾಳೆ, ಕೆಳಗೆ ಏಳೆಂಟು ಸಾಲು, ಇದನ್ನು ಇವತ್ತು ನಮ್ಮ ಮನೆಯಲ್ಲಿ ಹೇಗೆ ಬದುಕುವುದು ಎಂದು. ನಾಳೆಯ ಚಿಂತೆ ಬೇಡ ಎಂಬುದಕ್ಕೆ ಮುಗಿಯುತ್ತ ಬಂದ ಗ್ಯಾಸ್ ಸಿಲಿಂಡರ್ ಬರೆದಳು, ಯೇಸು ಮನೆಗೆ ಬಂದಾಗಿನ ಮಾರ್ಥಳ ಗಡಿಬಿಡಿಗೆ ಕ್ರಿಸ್ಮಸ್ ಹಿಂದಿನ ದಿನದ ಅಡುಗೆಮನೆ. ಸಿಸ್ಟರ್, ನಮ್ಮನೆ ಒಳಗೇ ಬಂದು ನೋಡ್ದಂಗೆ ಬರ್ದಿದ್ದೀರ ಎಂದು ಯಾರೋ ಉತ್ತರ ಹಾಕುತ್ತಾರೆ, ಅದನ್ನು ಓದಿ ಇವಳು ತಾನು ಬರೆದದ್ದರಲ್ಲಿ ಎರಡು ಸಲ ಅಕ್ಷರತಪ್ಪು ಹುಡುಕುತ್ತಾಳೆ. ಕೊರಿಂಥ ಹಿಡಿದು ತಿಂಗಳಾಯಿತು, ಒಂದೊಂದೇ ಅಧ್ಯಾಯ, ಮೂರು ದಿನದಿಂದ ಈ ಹತ್ತನೆಯದರಲ್ಲಿ ನಿಂತುಬಿಟ್ಟಿದೆ, ಪಾಸ್ಟರ್ ನಿನ್ನೆ, ಏನಮ್ಮ, ಆರಾಮ ಇಲ್ಲವಾ ಎಂದು ವಿಚಾರಿಸಿದರು, ಅವರ ಹತ್ತಿರ ಹೇಳಲಿಲ್ಲ, ಗಂಡನ ಹತ್ತಿರವೂ ಅರ್ಧವೇ ಹೇಳಿದ್ದು. ಸುನೀಲ್‌ಕುಮಾರ್ ಹುಟ್ಟಾ ಕ್ರೈಸ್ತ, ಇವಳ ಹಾಗೆ ನಡುವೆ ಸೇರಿದವನಲ್ಲ, ಅವನ ಅಪ್ಪ ಅಮ್ಮನ ಸಮಾಧಿಗೆ ಹೂವಿಟ್ಟರೆ ಸಾಕು, ಅವನಿಗೆ ಇದು ತಿಳಿಯುವುದಿಲ್ಲ. ಹೋಗಿ ಬಾ, ಒಂದೂಟ ತಾನೆ ಎಂದ. ಒಂದೂಟ! ಆರು ವರ್ಷದ ಹಿಂದೆಯೂ ಒಂದೇ ಊಟ, ಅಪ್ಪನ ಹನ್ನೊಂದನೆಯ ದಿನ, ಎಡೆಯ ಅನ್ನ ಬಂದಾಗ ಎಲೆಯ ಮೇಲೆ ಅಂಗೈ ಚಾಚಿದಳು, ನಂಗೆ ಇದು ಬೇಡ, ಇದನ್ನ ನಾನು ಉಣ್ಣಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ, ಸಾಕ್ಷಿ ಹೇಳುತ್ತಿದ್ದೇನೆ ಎಂದುಕೊಂಡು, ಆಗ ಅಣ್ಣ, ಅಪ್ಪನ ಅನ್ನ ನಿಂಗೆ ಎಂಜಲಾಯ್ತಾ? ಎಂದ, ಅದೇ ಅವನು ಆಡಿದ ಕಡೆಯ ಮಾತು, ಇವತ್ತು ಕಂಪಲಾಪುರದಲ್ಲಿ ಬಸ್ಸಿಳಿದು ನಡೆದು ಬಂದಾಗ ಆಡಿದ್ದೇ ಅದರ ಮುಂದಿನದು: ಬಸ್ ಸಿಕ್ತಾ? ಸಿಕ್ತಣ್ಣ. ಅಷ್ಟೇ. ಅವನೇ ಹೇಳಿ ಕಳಿಸಿದ್ದು, ಈ ಸಲ ಅವಳ್ನೂ ಬರೋಕೇಳವ್ವ ಎಂದು. ಇವತ್ತು ಕೈ ಅಡ್ಡ ಹಿಡಿದರೆ ಮತ್ತೆ ಕರೆಯುವುದಿಲ್ಲ, ಅದೂ ಗೊತ್ತು. ಅದಕ್ಕೇ ಫೋನಿನಲ್ಲಿ ಪದಪದ ತೂಗಿ ಅವ್ವನಿಗೆ ಹೇಳಿದ್ದು: ಅವ್ವ, ನಾನು ಬಂದು ಉಣ್ತೀನಿ, ಆದರೆ ಇದು ಎಡೆದು ಅಂತ ಯಾರೂ ನನ್ನ ಮುಂದೆ ಹೇಳಬಾರದು. ಅಂಗಂದ್ರೆ, ಎಡೇದು ಬ್ಯಾಡ ಅಂತಾನಾ? ಬೇಡ ಅಂತಲ್ಲವ್ವ, ಹೇಳಬೇಡಿ ಅಂತ. ಆ ಕಡೆ ಟೀವಿ ಕೂಗುತ್ತಿತ್ತು, ಅವ್ವ, ನೀನು ಬುಕ್ಕಿನಂಗೆ ಮಾತಾಡ್ತೀಯ, ಊಂ, ಗೊತ್ತಾಯ್ತು, ನಾ ನೋಡ್ಕೋತೀನಿ ಬುಡು ಎಂದಳು. ಏನು ಗೊತ್ತಾಯಿತು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಬೆಳಿಗ್ಗೆಯಿಂದ ಅವ್ವ ಇವಳ ಕಣ್ಣಿಗೆ ಕಣ್ಣು ಕೊಡುತ್ತಿಲ್ಲ, ಎರಡು ಸಲ ಒಲೆಯ ಹತ್ತಿರದಿಂದ ಅತ್ತಿಗೆಯನ್ನು ಏನಾದರೂ ತರಲು ಆಚೆಗೆ ಕಳಿಸಿದಳು, ಸಾರಿನ ಉಪ್ಪು ನೋಡಬೇಕಾ ಎಂದು ಮರೆತು ಕೇಳಿದ ಇವಳನ್ನು ಗದರಿದಳು — ಎಡೆಗೆ ಮುಂಚೆ ನಾಲಿಗೆಗೆ ಇಟ್ಕತಾರೇನೇ? ಇಡುವುದಿಲ್ಲ. ನಲವತ್ತು ವರ್ಷದಿಂದ ಅವ್ವ ಪಕ್ಷದ ದಿನ ಉಪ್ಪು ನೋಡದೆ ಕೈಯಳತೆಯಲ್ಲೇ ಮಾಡಿದವಳು. ರಮ್ಯಶ್ರೀ ಎರಡು ವರ್ಷದವಳಾಗಿದ್ದಾಗ ಪಕ್ಷದ ದಿನ ಹಸಿವೆಂದು ಅತ್ತಳಂತೆ, ಅತ್ತಿಗೆ ಎಡೆಗೆ ಮುಂಚೆಯೇ ಒಂದು ವಡೆ ಮುರಿದು ಕೊಟ್ಟರು, ಅಣ್ಣ ಮಾಡಿದ ಅಡುಗೆಯನ್ನೆಲ್ಲ ತಿಪ್ಪೆಗೆ ಸುರಿದು ಮತ್ತೆ ಒಲೆ ಹಚ್ಚಿಸಿದ, ಸಂಜೆಯವರೆಗೂ ಯಾರೂ ಉಣ್ಣಲಿಲ್ಲ, ಅವ್ವ ಸೊಸೆಯ ಪರವಾಗಿ ಒಂದು ಮಾತೂ ಆಡಲಿಲ್ಲ, ಅವನು ಮಾಡಿದ್ದೇ ಸರಿ ಎಂದಳು. ಇವರ ಮನಸ್ಸಾಕ್ಷಿ ಬಲಹೀನ ಎಂದು ಇವಳು ಎಷ್ಟು ಸಲೀಸಾಗಿ ಬರೆಯಬಹುದಿತ್ತು, ಪೌಲನ ಪದವದು, ಬಲಹೀನರನ್ನು ಎಡವಿಸಬೇಡಿ —

ಅಣ್ಣ ಕೆಮ್ಮಿದ. ಬಾಗಿಲಿನ ಮೇಲೆ ಮೂರು ಸಲ ಬೆರಳಿನಿಂದ ತಟ್ಟಿ, ಬತ್ತಿದ್ದೀವಿ ಕಣಪ್ಪೋ ಎಂದು ಒಳಗಿನವನಿಗೆ ಕೂಗಿ ಬಾಗಿಲು ತೆರೆದ, ಹೊಗೆ ಮುಖಕ್ಕೆ ಬಂತು, ಎಲ್ಲರೂ ಅಡ್ಡಬಿದ್ದರು, ಸುಕನ್ಯ ಹೊಸ್ತಿಲ ಬಳಿ ಕೈ ಕಟ್ಟಿ ನಿಂತಳು, ಕರ್ತನೇ ಎಂದಳು, ಮುಂದೆ ಏನು ಬೇಡುವುದೆಂದು ತಿಳಿಯಲಿಲ್ಲ. ಸಾಲಾಗಿ ಎಲೆ ಹಾಕಿದರು, ಅವಳದು ಗೋಡೆಯ ಕೊನೆಗೆ, ಮಗುವಿನ ಎಲೆಯ ಪಕ್ಕದಲ್ಲಿ. ಅಣ್ಣ ಎಡೆಯಿಂದ ಎತ್ತಿ ಕಲಸಿದ ಅನ್ನದ ತಟ್ಟೆ ಹಿಡಿದು ಎಲ್ಲರಿಗೂ ಒಂದೊಂದು ತುತ್ತು ಹಾಕುತ್ತ ಬಂದ, ಪ್ರತಿ ಎಲೆಗೂ ಅಪ್ಪನ್ನ ನೆನ್ಕೊಂಡು ಉಣ್ಣಿ, ಎಡೇದು ಎನ್ನಬೇಕಾದವನು ಏನೂ ಎನ್ನದೆ ಬಂದ, ಮಗು ಬಾಯಿ ತೆರೆದಾಗ ಕಣ್ಣಿನಲ್ಲೇ ಗದರಿಸಿದ — ಅವನಿಗೆ ಗೊತ್ತಿದೆ, ಅವ್ವ ಹೇಳಿದ್ದಾಳೆ, ಅವನು ನನಗಾಗಿ ಆ ಮಾತನ್ನು ನುಂಗುತ್ತಿದ್ದಾನೆ, ಬಾಯಲ್ಲಿ ಗೋಲಿ ಬಚ್ಚಿಟ್ಟುಕೊಂಡ ಹುಡುಗನ ಹಾಗೆ ತುಟಿ ಬಿಗಿಹಿಡಿದಿದ್ದಾನೆ, ಈ ಅಣ್ಣ, ಒಂದು ಮಾತನ್ನೂ ಒಳಗಿಟ್ಟುಕೊಳ್ಳಲಾರದವನು. ಅವಳ ಎಲೆಯ ಮುಂದೆ ನಿಂತ. ಹಾಕ್ಲಾ? ಎಂದ. ಹಾಕಣ್ಣ ಎಂಬುದು ಗಂಟಲಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು, ಅಷ್ಟರಲ್ಲಿ ಹಿಂದಿನಿಂದ, ತಡಿ ಸುರೇಸ, ಅವ್ಳಿಗೆ ಬ್ಯಾಡ ಎಂದು ಅವ್ವ, ರಾಗಿ ಡ್ರಮ್ಮಿನ ಹಿಂದಿನಿಂದ ತೆಗೆದ ಸ್ಟೀಲ್ ಡಬ್ಬಿ ಹಿಡಿದು, ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿಕೊಂಡು, ಬಾಗಿ ಕಿವಿಯ ಹತ್ತಿರ — ಎಡೆಗೆ ಮುಂಚೇನೇ ಎತ್ತಿ ಮಡಗಿವ್ನಿ ಕಣವ್ವ, ನೀ ಏಳ್ದಂಗೇ, ಯಾರ್ಗೂ ಗೊತ್ತಿಲ್ಲ, ಉಣ್ಣು. ನಾನು ಹೇಳಿದ ಹಾಗೆ. ನಾನು ಹಾಗೆ ಹೇಳಲಿಲ್ಲವ್ವ. ಅಪ್ಪನ ಎಲೆಗೂ ಮುಂಚೆ, ಉಪ್ಪು ಕೂಡ ನೋಡದ ಕೈ ಸೌಟು ಮುಳುಗಿಸಿ ನನಗೆ ತೆಗೆದಿಟ್ಟಿದೆ, ಒಬ್ಬಳೇ, ಕಳ್ಳಿಯ ಹಾಗೆ ಅತ್ತ ಇತ್ತ ನೋಡುತ್ತ, ನನ್ನ ದೇವರು ಮುನಿಸಿಕೊಳ್ಳದಿರಲಿ ಎಂದು ತನ್ನ ದೇವರನ್ನೂ ಗಂಡನನ್ನೂ ಎದುರುಹಾಕಿಕೊಂಡು. ಇನ್ನು ಇದನ್ನು ಉಂಡರೆ ಅವ್ವನ ಪಾಪವನ್ನು ಉಂಡಂತೆ, ಬಿಟ್ಟರೆ ಅದನ್ನು ಅವಳ ಮೇಲೇ ಹೊರಿಸಿದಂತೆ, ಯಾವ ಅಧ್ಯಾಯದಲ್ಲಿದೆ ಇದು, ಯಾವ ಪತ್ರದಲ್ಲಿ. ಅದೇನವ್ವ ಅದು ಡಬ್ಬೀಲಿ? ಅಣ್ಣನ ದನಿ. ಅತ್ತಿಗೆ ತಲೆ ಎತ್ತಿದರು. ಅವ್ವನ ಬಾಯಿ ತೆರೆಯಿತು, ಅವಳಿಗೆ ಸುಳ್ಳು ಬರುವುದಿಲ್ಲ, ಬಂದಿದ್ದರೆ ಇಷ್ಟು ಹೊತ್ತಿಗೆ ಬರುತ್ತಿತ್ತು — ನಂದು ಅಣ್ಣ, ಎಂದಳು ಸುಕನ್ಯ, ನಾನು ತಂದಿದ್ದು, ಹುಣಸೂರಿಂದ.

ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಅದನ್ನೂ ಅವಳೇ ಬರೆದು ಕಳಿಸಿದ್ದಳು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಎನ್ನುವುದೂ ಸುಳ್ಳೇ ಎಂದು ಬರೆದಿದ್ದಳು. ಅಣ್ಣ ತಟ್ಟೆಯನ್ನು ನೋಡಿದ, ಅವಳಿಗೆಂದು ಹಿಡಿದ ತುತ್ತು ಇನ್ನೂ ಅವನ ಬೆರಳುಗಳಲ್ಲಿತ್ತು. ಓ, ಎಂದ, ಬುತ್ತಿ ಕಟ್ಕೊಂಡು ಬಂದಿದ್ದೀಯ. ನೀರಾದ್ರೂ ನಮ್ಮನೇದು ಕುಡೀತೀಯೋ, ಅದ್ನೂ ತಂದಿದ್ದೀಯೋ? ಜೋರಾಗಿ ಅಂದಿದ್ದರೆ ಆಗುತ್ತಿತ್ತು, ಮೆಲ್ಲಗೆ ಅಂದ, ತುತ್ತನ್ನು ತಟ್ಟೆಗೇ ಬಿಟ್ಟು ಮಗುವಿನ ಎಲೆಯ ಕಡೆಗೆ ಸರಿದ, ಒಂದು ಮಾತು, ಒಂದೇ ಮಾತು ಅಂದರೆ ತಿರುಗುತ್ತಾನೆ, ಆದರೆ ಆ ಮಾತು ಅವ್ವನನ್ನು ಬಯಲಿಗೆಳೆಯುತ್ತದೆ, ಸುರೇಸ ಎಂದು ಅವ್ವ ಶುರು ಮಾಡಿದಳು, ಸುಕನ್ಯ ಬೆನ್ನ ಹಿಂದಕ್ಕೆ ಕೈ ಚಾಚಿ ಅವ್ವನ ಪಾದವನ್ನು ಒತ್ತಿ ಹಿಡಿದಳು, ಬೇಡ, ಸುಮ್ಮನಿರು, ಆಗಲೇ ಕಂಡದ್ದು, ಡಬ್ಬಿಯ ಮುಚ್ಚಳದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ, ಪಿರಿಯಾಪಟ್ಟಣದ ಪಾತ್ರೆ ಅಂಗಡಿಯಲ್ಲಿ ಹಾಕಿಸಿದ್ದು, ಲಿಂಗಯ್ಯ, ಅಣ್ಣ ಈಗ ಈ ಕಡೆ ತಿರುಗಿದರೆ ಓದುತ್ತಾನೆ, ಡಬ್ಬಿ ಹುಣಸೂರಿನದಲ್ಲ ಈ ಮನೆಯದೇ ಎಂದು ತಿಳಿಯುತ್ತದೆ, ತಿರುಗುತ್ತಿದ್ದಾನೆ, ಓದಲು ಬಾರದ ಅವ್ವನಿಗೆ ಹೆಸರು ಎಲ್ಲಿದೆಯೆಂದು ಬೆರಳಿಗೆ ಗೊತ್ತು, ಹೆಬ್ಬೆರಳು ಮೆಲ್ಲಗೆ ಸರಿಯುತ್ತಿದೆ, ಲಿಂ ಹೋಯಿತು, ಗ ಹೋಯಿತು, ಯ್ಯ ಮಾತ್ರ ಅಂಚಿನಲ್ಲಿ ಉಳಿದು ಅದರ ಮೇಲೂ, ಒಡೆದ ಹೆಬ್ಬೆರಳು, ಸಾರಿನ ಕೆಂಪು ಅಂಟಿದ ಹೆಬ್ಬೆರಳು, ಉಗುರು ಬಿಳುಚಿಕೊಳ್ಳುವಷ್ಟು ಒತ್ತಿ, ಅಪ್ಪನ ಹೆಸರಿನ ಮೇಲೆ.